ಬಾವಿಯಲ್ಲಿಟ್ಟ ಕಾಲು

ಶಹಾಪುರದ ನನ್ನ ಮನೆಯಲ್ಲಿ ನೀರಿನ ಕೊಡದ ಬಾಯಿಗೆ ಈಗಲೂ ಬಟ್ಟೆ ಕಟ್ಟಿರುತ್ತದೆ. ಹಳೆಯ ಧೋತರ ಹರಿದು ನಾಲ್ಕು ಮಡಿಕೆ ಮಾಡಿದ ಬಟ್ಟೆ. ಮನೆಗೆ ನಲ್ಲಿ ಬಂದು ಎಷ್ಟೋ ವರ್ಷವಾಯಿತು, ಗೋಡೆಗೆ ಫಿಲ್ಟರೂ ಬಂತು. ಫಿಲ್ಟರಿನಿಂದ ಇಳಿದ ನೀರನ್ನೂ ನಾನು ಮತ್ತೊಮ್ಮೆ ಸೋಸುತ್ತೇನೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ, ನಗುವ ವಯಸ್ಸು.

ಇದನ್ನು ಬರೆಯಲು ಕಾರಣ ಪಕ್ಕದ ಮನೆಯ ಸೊಸೆ. ಊರೆಲ್ಲ ಮೂಗುಬಾಯಿ ಕಟ್ಟಿಕೊಂಡು ಓಡಾಡಿದ ಆ ಜ್ವರದ ದಿನಗಳಲ್ಲಿ ಅವರ ಮನೆಯಲ್ಲಿ ಮೊದಲು ಮಲಗಿದವಳು ಅವಳು. ಎರಡು ವಾರದಲ್ಲಿ ಅವಳ ಮಾವ ಹೋದರು. ಅವಳು ಗುಣವಾಗಿ ವರ್ಷ ಕಳೆದರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಂದು ಸಂಜೆ ನನ್ನ ಕಟ್ಟೆಯ ಮೇಲೆ ಕೂತು, "ನನ್ನಿಂದನ ಬಂತಲ್ರಿ ಆಯಿ, ನಾನ ಕೊಂದಂಗಾತು" ಎಂದಳು. "ಹಂಗ ಅನಬ್ಯಾಡವ್ವ" ಎಂದು ಎಲ್ಲರೂ ಹೇಳುವುದನ್ನೇ ನಾನೂ ಹೇಳಿ ಕಳಿಸಿದೆ. ಒಳಗೆ ಬಂದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಮಾತು ಯಾವ ಉಪಯೋಗಕ್ಕೂ ಬರುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಈ ಓಣಿಯಲ್ಲಿ ಯಾರೂ ಇಲ್ಲ. ಅವಳೆದುರು ಬಾಯಿಬಿಟ್ಟು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೃಷ್ಣಾ ದಂಡೆಯ ಅಂಬಿಗರ ಮಗಳು. ಅಪ್ಪ ಹರಗೋಲಿನಲ್ಲಿ ಜನರನ್ನು ದಾಟಿಸುತ್ತಿದ್ದ, ಉಳಿದ ಹೊತ್ತು ಮೀನು ಹಿಡಿಯುತ್ತಿದ್ದ. ನಿಜಾಮ ಸರ್ಕಾರದ ಕೊನೆಯ ವರ್ಷ ಗದ್ದಲ ಜೋರಾದಾಗ ಊರೂರಿನ ಜನ ಗಂಟುಮೂಟೆ ಹೊತ್ತು ಹೊಳೆ ದಾಟಿದರು. ಅಪ್ಪನ ಹರಗೋಲು ಆಗ ನೆಲ ಕಂಡದ್ದೇ ಕಡಿಮೆ. ಹಾಗೆ ದಾಟಿಸಿದ ಒಂದು ಮನೆಯವರೇ, ದಂಡು ಬಂದು ಸರ್ಕಾರ ಬದಲಾಗಿ ಎಲ್ಲರೂ ತಿರುಗಿ ಊರು ಸೇರಿದ ಮೇಲೆ, ಹೆಣ್ಣು ಕೇಳಿಕೊಂಡು ಬಂದರು. ಅವರೂ ನಮ್ಮವರೇ, ಆದರೆ ಅಜ್ಜನ ಕಾಲಕ್ಕೇ ಹೊಳೆ ಬಿಟ್ಟು ಹೊಲ ಹಿಡಿದವರು. ಸುರಪುರದಿಂದ ದೇವಾಪುರದ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ಸರಿದರೆ ಅವರ ಊರು. ನನಗೆ ಆಗ ಹದಿನಾರೋ ಹದಿನೇಳೋ. ಬರೆದಿಟ್ಟವರು ಯಾರೂ ಇರಲಿಲ್ಲ.

ಹೊಳೆಯ ಊರಿನಲ್ಲಿ ನೀರು ತುಂಬುವುದಕ್ಕೂ ಒಂದು ರೀತಿಯಿದೆ. ದಂಡೆಯಲ್ಲಿ ಬಗ್ಗಿ ತುಂಬಬಾರದು, ಅಲ್ಲಿ ದನ ತುಳಿದಿರುತ್ತವೆ. ಸೀರೆ ಎತ್ತಿ ಕಟ್ಟಿ ತೊಡೆ ಮುಳುಗುವ ತನಕ ಒಳಗೆ ನಡೆದು, ಹರಿವಿಗೆ ಎದುರಾಗಿ ನಿಂತು, ಮೇಲಿನ ನೀರನ್ನು ಕೈಯಿಂದ ಅತ್ತಿತ್ತ ಸರಿಸಿ ಕೊಡ ಮುಳುಗಿಸಬೇಕು. ಕಾಲಿಗೆ ಗಾಯವಾದರೂ ಅಷ್ಟೆ, ಹರಿಯುವ ನೀರಲ್ಲಿ ಇಟ್ಟುಕೊಂಡು ಕೂತರೆ ಕೆಟ್ಟದ್ದೆಲ್ಲ ಹೋಗುತ್ತದೆ. ನನಗೆ ನಡೆಯಲು ಬಂದ ದಿನದಿಂದ ಅಪ್ಪ ಇದನ್ನು ಕಲಿಸಿದ್ದ.

ಗಂಡನ ಊರಿನಲ್ಲಿದ್ದದ್ದು ಪಾವಟಿಗೆ ಬಾವಿ. ಕಲ್ಲಿನ ಮೆಟ್ಟಿಲು ಇಳಿದು ನೀರಿನ ತನಕ ಹೋಗಬೇಕು. ಊರ ಹೆಂಗಸರು ಕೊನೆಯ ಮೆಟ್ಟಿಲ ಮೇಲೆ ನಿಂತು ಕೊಡ ಅದ್ದುತ್ತಿದ್ದರು. ನಾನು ಮೊದಲ ದಿನವೇ ಸೀರೆ ಎತ್ತಿ ಕಟ್ಟಿ ನೀರಿಗಿಳಿದು, ಇನ್ನೂ ಮೂರು ಮೆಟ್ಟಿಲು ಒಳಗೆ ಹೋಗಿ, ಪಾಚಿ ಸರಿಸಿ ನಡುವಿನ ನೀರು ತುಂಬಿದೆ. ಅತ್ತೆಗೆ ಹೆಮ್ಮೆಯೋ ಹೆಮ್ಮೆ. "ಹೊಳಿ ಹುಡುಗಿ ತಂದ ನೀರು ನೋಡ್ರಿ, ಹ್ಯಾಂಗ ತಿಳಿ ಅದ" ಎಂದು ಬಂದವರಿಗೆಲ್ಲ ಚರಿಗೆಯಲ್ಲಿ ಕೊಟ್ಟು ತೋರಿಸುತ್ತಿದ್ದಳು. ಹೊಸ ಸೊಸೆಗೆ ಬೇರೆ ಏನು ಬೇಕು? ನಾನು ಉಬ್ಬಿಹೋಗಿದ್ದೆ.

ಮನೆಯಲ್ಲಿ ಅತ್ತೆ, ನನ್ನ ಗಂಡ ಮಾನಪ್ಪ, ಅವನ ಅಣ್ಣ, ಅಣ್ಣನ ಹೆಂಡತಿ ದೇವಕೆಮ್ಮ, ಅವಳ ಮೂರು ವರ್ಷದ ಮಗಳು. ದೇವಕೆಮ್ಮ ನನಗೆ ನೆಗೆಣ್ಣಿಯಾದರೂ ಅಕ್ಕನಂತೆಯೇ ನೋಡಿಕೊಂಡಳು. ಗಟ್ಟಿ ಆಳು. ತಲೆಯ ಮೇಲೆರಡು, ಸೊಂಟದ ಮೇಲೊಂದು ಕೊಡ ಹೊತ್ತು ದಾರಿಯುದ್ದಕ್ಕೂ ಮಾತಾಡಿಕೊಂಡೇ ಬರುವವಳು. ನಾನು ಬಾವಿಗಿಳಿಯುವುದನ್ನು ನೋಡಿ "ಮೀನವ್ವ" ಎಂದು ಹೆಸರಿಟ್ಟವಳೂ ಅವಳೇ. ಕೊಡ ತುಂಬಿದ ಮೇಲೆ ಬೊಗಸೆಯಲ್ಲಿ ಎರಡು ಸಲ ಕುಡಿದೇ ಮೆಟ್ಟಿಲು ಹತ್ತುವುದು ಅವಳ ಅಭ್ಯಾಸ. ಈ ಒಂದು ಸಂಗತಿ ನೆನಪಿಟ್ಟುಕೊಳ್ಳಿ.

ವರ್ಷ ತಿರುಗಿ ಬೇಸಿಗೆ ಬಂದಾಗ ನನ್ನ ಎಡಗಾಲಿನ ಹಿಮ್ಮಡಿಯ ಮೇಲೆ, ಹರಡಿನ ಹತ್ತಿರ ತುರಿಕೆ ಶುರುವಾಯಿತು. ಎರಡು ದಿನಕ್ಕೆ ಬೊಬ್ಬೆ ಎದ್ದಿತು. ಆಮೇಲೆ ಉರಿ. ಅತ್ತೆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡಿ, "ನಾರು ಅದ" ಎಂದಳು, ನೆಗಡಿಯಾಗಿದೆ ಎನ್ನುವಷ್ಟು ಸಲೀಸಾಗಿ. ಆ ಊರಿನಲ್ಲಿ ಪ್ರತಿ ಬೇಸಿಗೆ ನಾರುಹುಣ್ಣಿನಿಂದ ಯಾರಾದರೂ ಮಲಗುತ್ತಲೇ ಇದ್ದರು. ನಮ್ಮ ಹೊಳೆಯ ಊರಿನಲ್ಲಿ ನಾನು ಅದರ ಹೆಸರೂ ಕೇಳಿರಲಿಲ್ಲ. ಕಾಲಿನಿಂದ ದಾರದಂಥ ಹುಳ ಹೊರಗೆ ಬರುತ್ತದೆ ಎಂದು ದೇವಕೆಮ್ಮ ಹೇಳಿದಾಗ ತಮಾಷೆ ಮಾಡುತ್ತಿದ್ದಾಳೆ ಎಂದು ನಕ್ಕೆ. ಮೂರನೆಯ ದಿನ ಬೊಬ್ಬೆ ಒಡೆದು ಅದರ ಬಿಳಿ ತುದಿ ಕಂಡಾಗ ನನಗೆ ವಾಂತಿಯಾಯಿತು. ನನ್ನ ಮೈಯೊಳಗೆ ಇನ್ನೊಂದು ಜೀವ ವರ್ಷವೆಲ್ಲ ತಿರುಗಾಡಿತ್ತು, ನಾನು ಉಂಡು ಮಲಗಿ ಎದ್ದು ನಕ್ಕಿದ್ದೆ. ಆ ಅಸಹ್ಯ ನೋವಿಗಿಂತ ಹೆಚ್ಚಿನದು. ಇಂದಿಗೂ ಪೂರ್ತಿ ಹೋಗಿಲ್ಲ.

ನಾರು ತೆಗೆಯುವ ತಿಪ್ಪಣ್ಣ ಮುತ್ಯಾ ಬಂದ. ಅದರ ತುದಿಯನ್ನು ಬೇವಿನ ಕಡ್ಡಿಗೆ ಸುತ್ತಿ, ಕಡ್ಡಿಯನ್ನು ಕಾಲಿಗೆ ಕಟ್ಟಿ, ಮೇಲೆ ಔಡಲ ಎಲೆ ಮುಚ್ಚಿದ. ದಿನಕ್ಕೆ ಒಂದು ಸುತ್ತು, ಅದೂ ತಾನಾಗಿ ಬಂದರೆ.

"ಅವಸರ ಮಾಡಬ್ಯಾಡ ಯವ್ವಾ. ಜಗ್ಗಿದಿ ಅಂದ್ರ ಒಳಗ ಹರೀತದ. ಹರೀತಂದ್ರ ಕಾಲ ಹೋತು ಅಂತ ತಿಳಕೋ."

"ಎಷ್ಟು ದಿನ ಮುತ್ಯಾ?"

"ಅದಕ್ಕ ಬೇಕಾದಷ್ಟು ದಿನ" ಎಂದು ಎದ್ದು ಹೋದ.

ಉರಿ ಮಾತ್ರ ತಡೆಯಲಾಗುತ್ತಿರಲಿಲ್ಲ. ಕಾಲನ್ನು ಎಲ್ಲಿಟ್ಟರೂ ಕೆಂಡದ ಮೇಲೆ ಇಟ್ಟಂತೆ. ಆಗ ನನಗೆ ಹೊಳೆ ನೆನಪಾಯಿತು. ಮಧ್ಯಾಹ್ನ ಎಲ್ಲರೂ ನೆರಳು ಹಿಡಿದಾಗ ಕೋಲು ಊರಿಕೊಂಡು ಬಾವಿಗೆ ಹೋದೆ. ಮೆಟ್ಟಿಲ ಮೇಲೆ ಕೂತು ಕಾಲನ್ನು ನೀರಿಗೆ ಬಿಟ್ಟೆ. ಉರಿ ನಿಂತುಹೋಯಿತು. ಅಷ್ಟು ದಿನದಲ್ಲಿ ಮೊದಲ ಸಲ ಉಸಿರು ಪೂರ್ತಿ ಎಳೆದುಕೊಂಡೆ. ಕಾಲಿನ ಗಾಯದಿಂದ ಹಾಲಿನಂಥದ್ದೇನೋ ಎಳೆಎಳೆಯಾಗಿ ಹೊರಬಂದು ನೀರಲ್ಲಿ ಕರಗಿತು. ಕೆಟ್ಟದ್ದು ಹೋಗುತ್ತಿದೆ ಎಂದುಕೊಂಡೆ. ಸಂತೋಷದಿಂದ ಮನೆಗೆ ಬಂದು ದೇವಕೆಮ್ಮನಿಗೆ, "ಯಕ್ಕಾ, ನೀರಾಗ ಇಟ್ರ ಉರಿ ನಿಂದರತದ" ಎಂದು ಹೇಳಿದೆ. ಐದು ದಿನ ಹಾಗೆಯೇ ಹೋಗಿ ಕೂತೆ. ಹೊಳೆಯ ನೀರು ಮುಂದಕ್ಕೆ ಹೋಗುತ್ತದೆ, ಬಾವಿಯ ನೀರು ಎಲ್ಲಿಗೂ ಹೋಗುವುದಿಲ್ಲ ಎಂಬ ಯೋಚನೆ ನನ್ನ ತಲೆಗೆ ಬರಲೇ ಇಲ್ಲ.

ಆರನೆಯ ದಿನ ಪಡಸಾಲೆಯಲ್ಲಿ ಮಲಗಿದ್ದಾಗ ಒಳಗೆ ಅತ್ತೆ ಮಾನಪ್ಪನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಒಕ್ಕಲತನದ ಮನಿ ಇದು. ಬಿತ್ತೂ ಹೊತ್ತಿನಾಗ ಮಲಗಿದಾಕಿಗಿ ಕೂಳು ಬೇಯಿಸ್ಲೋ, ಹೊಲಕ್ಕ ಹೋಗ್ಲೋ? ಮಳಿ ಬರೂದ್ರಾಗ ಎದ್ದಳಂದ್ರ ಸರಿ. ಇಲ್ಲಾಂದ್ರ ತವರಿಗಿ ಬಿಟ್ಟು ಬಾ." ಮಾನಪ್ಪ ಹೊರಗೆ ಬಂದು, ನನ್ನನ್ನು ದಾಟಿಕೊಂಡು ಕೊಟ್ಟಿಗೆಗೆ ಹೋದ. ಅತ್ತೆ ಕೆಟ್ಟವಳೇನಲ್ಲ. ಆದರೆ ಹಾಗೆ ತವರಿಗೆ ಬಿಟ್ಟುಬಂದ ಹೆಣ್ಣುಗಳು ನಮ್ಮ ಊರಿನಲ್ಲಿ ಇಬ್ಬರಿದ್ದರು. ಅವರನ್ನು ಕರೆದೊಯ್ಯಲು ಯಾರೂ ಬರಲಿಲ್ಲ. ನಾನು ಔಡಲ ಎಲೆ ತೆಗೆದೆ. ಕಡ್ಡಿ ಹಿಡಿದೆ. ಒಂದು ಸುತ್ತು, ಎರಡು, ಮೂರು. ನಾಲ್ಕನೆಯದಕ್ಕೆ ಅದು ಕೈಗೆ ಹಗುರವಾಯಿತು.

ಮರುದಿನಕ್ಕೆ ಕಾಲು ಮೊಣಕಾಲ ತನಕ ಬಾತು ಕೆಂಪಾಯಿತು. ಜ್ವರದಲ್ಲಿ ನಾನು ಅಪ್ಪನನ್ನು ಕರೆಯುತ್ತಿದ್ದೆನಂತೆ. ತಿಪ್ಪಣ್ಣ ಮುತ್ಯಾ ನೋಡಿ ಮುಖ ತಿರುಗಿಸಿ, "ಸುರಪುರಕ್ಕ ಒಯ್ರಿ" ಎಂದಷ್ಟೇ ಹೇಳಿದ. ಮಾನಪ್ಪ ಗಾಡಿ ಕಟ್ಟಿದ. ದೇವಕೆಮ್ಮ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಗಾಡಿ ಹತ್ತಿದಳು. ಆ ದಾರಿಯ ಕಲ್ಲುಗಳು ಒಂದೊಂದೂ ನನಗೆ ನೆನಪಿವೆ. ಚಕ್ರ ಎದ್ದು ಬಿದ್ದಾಗಲೆಲ್ಲ ನನ್ನ ಕಾಲು ಅಲುಗಾಡದ ಹಾಗೆ ಅವಳು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಸುರಪುರ ಮುಟ್ಟುವ ತನಕ ಒಮ್ಮೆಯೂ ಕೆಳಗಿಡಲಿಲ್ಲ.

ದವಾಖಾನೆಯ ಜಗುಲಿಯ ಮೇಲೆ ಜನ ಕೂತಲ್ಲೇ ಕೂತಿದ್ದರು. ಬಾಗಿಲ ಮೇಲಿನ ಉರ್ದು ಬೋರ್ಡು ಇಳಿಸಿ ಗೋಡೆಗೆ ಒರಗಿಸಿಟ್ಟಿದ್ದರು, ಕನ್ನಡದ ಬೋರ್ಡು ಇನ್ನೂ ಬಂದಿರಲಿಲ್ಲ. ಡಾಕ್ಟರೂ ಇರಲಿಲ್ಲ. ಹಳಬರು ಹೈದರಾಬಾದಿಗೆ ಹೋದರು, ಹೊಸಬರು ಬರುವವರಿದ್ದಾರೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಇದ್ದವರು ಒಬ್ಬ ಕಾಂಪೌಂಡರ್. ಬಿಳಿ ಗಡ್ಡ, ಸಣ್ಣ ದನಿ. ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ನಮ್ಮ ಸರದಿ ಬರುವುದರೊಳಗೆ ನನ್ನ ಪಕ್ಕದಲ್ಲಿದ್ದ ಒಬ್ಬ ಮುದುಕ ಸತ್ತೇಹೋದ. ಅವನ ಮಕ್ಕಳು ಸದ್ದಿಲ್ಲದೆ ಎತ್ತಿಕೊಂಡು ಹೋದರು, ಆ ಜಾಗಕ್ಕೆ ಇನ್ನೊಬ್ಬರು ಸರಿದು ಕೂತರು. ನಾನೂ ಕಾಲು ಚಾಚಿಕೊಳ್ಳಲು ಸ್ವಲ್ಪ ಸರಿದೆ. ನೋವಿನಲ್ಲಿ ಮನುಷ್ಯ ಎಷ್ಟು ಸಣ್ಣವನಾಗುತ್ತಾನೆ ಎಂದು ಆಮೇಲೆ ನಾಚಿಕೆಯಾಯಿತು.

ಸಾಹೇಬರು ಬಾತ ಜಾಗ ಕೊಯ್ದು ಕೀವು ತೆಗೆದರು. ದೇವಕೆಮ್ಮ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಕಿವಿ ಮುಚ್ಚಿದ್ದಳು, ನನ್ನ ಕೂಗು ನನಗೇ ಕೇಳದಂತೆ. ಅವಳ ರಟ್ಟೆಗೆ ನಾನು ಕಚ್ಚಿದ ಗುರುತು ಕೊನೆಯ ತನಕ ಇತ್ತು. ಎಂಟು ದಿನ ನನ್ನ ಹತ್ತಿರವೇ ಇದ್ದಳು. ಕೀವು ಒರೆಸಿದಳು, ಬಯಲಿಗೆ ಎತ್ತಿಕೊಂಡು ಹೋದಳು. ಆಮೇಲೆ ಮಗಳಿಗೆ ಹುಷಾರಿಲ್ಲವೆಂದು ಸುದ್ದಿ ಬಂದು ಊರಿಗೆ ಹೋದಳು.

ಅವಳು ಹೋದ ಮೇಲೆ ಒಂದು ಬೆಳಿಗ್ಗೆ ಪಟ್ಟಿ ಬಿಚ್ಚುತ್ತ ಸಾಹೇಬರು ಕೇಳಿದರು. "ಬೇಟಿ, ಈ ಕಾಲು ಬಾವ್ಯಾಗ ಇಟ್ಟಿದ್ದೇನು?"

ಕೇಳಿದ ರೀತಿಯಲ್ಲೇ ಏನೋ ತಪ್ಪಾಗಿದೆ ಎಂದು ತಿಳಿಯಿತು. "ಇಲ್ರಿ" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ಹತ್ತಿ ಒತ್ತುತ್ತಲೇ ಹೇಳಿದರು. "ಇಟ್ಟವರು ಯಾರಾದ್ರೂ ಇದ್ರ ಹೇಳು. ನಾರು ನೀರು ಮುಟ್ಟಿತಂದ್ರ ಮರಿ ಹಾಕತದ. ಕಣ್ಣಿಗಿ ಕಾಣಾಂಗಿಲ್ಲ. ಆ ನೀರು ಕುಡದವರಿಗಿ ಮುಂದಿನ ವರ್ಷ ಹಿಂಗ ಬರತದ. ಸೋಸಿ ಕುಡೀರಿ ಅಂತ ಮನ್ಯಾಗ ಎಲ್ಲಾರಿಗಿ ಹೇಳು. ಊರಾಗನೂ ಹೇಳು. ಜರೂರ್ ಹೇಳು."

ನಾನು ಹೂಂ ಅಂದೆ. ಅವರು ಕೈ ತೊಳೆದುಕೊಂಡು ಸ್ವಲ್ಪ ಹೊತ್ತು ಅಲ್ಲೇ ಕೂತರು. ತಮ್ಮಂದಿರೆಲ್ಲ ಊರು ಬಿಟ್ಟು ಹೋದರು, ತನಗೂ ಬಾ ಅನ್ನುತ್ತಾರೆ, ಈ ದವಾಖಾನೆ ಬಿಟ್ಟು ಎಲ್ಲಿಗೆ ಹೋಗಲಿ ಎಂದು ನನಗೋ ತಮಗೋ ಹೇಳಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಾಲನ್ನು ಉಳಿಸಿದ ಮನುಷ್ಯ. ಅವರಿಗೆ ಸುಳ್ಳು ಹೇಳಿದೆ.

ಗಾಡಿಯಲ್ಲಿ ಊರಿಗೆ ಬರುವಾಗ ಹೇಳಬೇಕೆಂದುಕೊಂಡೆ. ಮಾನಪ್ಪನ ಬೆನ್ನು ನೋಡುತ್ತ ಮೂರು ಸಲ ಬಾಯಿ ತೆರೆದೆ. ಹೇಳಿದರೆ ಏನಾಗುತ್ತದೆ? ಬಾವಿ ಕೆಡಿಸಿದವಳು ಎನ್ನುತ್ತಾರೆ. ತಿಳಿನೀರು ತರುವ ಹೊಳೆ ಹುಡುಗಿ ಹೋಗಿ ಇದು ಉಳಿಯುತ್ತದೆ. ತವರಿಗೆ ಬಿಟ್ಟುಬರಲು ಅತ್ತೆಗೆ ಬೇರೆ ಕಾರಣ ಬೇಕಾಗುವುದಿಲ್ಲ. ಮನೆ ಬಂತು. ಹೇಳಲಿಲ್ಲ.

ಒಂದು ಮಾತ್ರ ಮಾಡಿದೆ. ಮನೆಯ ಕೊಡಕ್ಕೆ ಬಟ್ಟೆ ಕಟ್ಟಿದೆ. ದವಾಖಾನೆಯವರು ಹೇಳಿದ್ದಾರೆ, ಸೋಸಿ ಕುಡಿಯಬೇಕಂತೆ ಎಂದೆ. ಯಾಕೆ ಎಂದು ಅತ್ತೆ ಕೇಳಿದಾಗ, ಕಸ ಇರತದಂತ ಎಂದೆ. ನಾನು ಆಗ ಬಾವಿಗೆ ಹೋಗುವ ಹಾಗಿರಲಿಲ್ಲ. ನನ್ನ ಪಾಲಿನ ನೀರನ್ನೂ ದೇವಕೆಮ್ಮನೇ ಹೊರುತ್ತಿದ್ದಳು. ಕೊಡ ತುಂಬಿದ ಮೇಲೆ ಬೊಗಸೆಯಲ್ಲಿ ಎರಡು ಸಲ ಕುಡಿದೇ ಮೆಟ್ಟಿಲು ಹತ್ತುತ್ತಿದ್ದಳು. ಒದ್ದೆ ಗದ್ದ ಒರೆಸಿಕೊಳ್ಳುತ್ತ ಅಂಗಳಕ್ಕೆ ಬರುವಾಗ ದಿನವೂ ನೋಡುತ್ತಿದ್ದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ಮಳೆಗಾಲ ಬಂತು.

ಆ ತಿಂಗಳುಗಳಲ್ಲಿ ನನಗೊಂದು ಒಳ್ಳೆಯದೂ ಆಯಿತು, ಅದನ್ನು ಮುಚ್ಚಿಡಬಾರದು. ನಮ್ಮ ಪಡಸಾಲೆಗೆ ಎದುರಾಗಿ ಗುಡಿಯ ಕಟ್ಟೆಯ ಮೇಲೆ ಶಾಲೆ ನಡೆಯುತ್ತಿತ್ತು. ಮೊದಲು ಉರ್ದುವಿನ ಅಲಿಫ್ ಬೇ ಹೇಳಿಕೊಡುತ್ತಿದ್ದ ಮಾಸ್ತರರೇ ಈಗ ಕನ್ನಡ ಅಕ್ಷರ ಹೇಳಿಕೊಡಬೇಕಾಗಿತ್ತು. ಅವರೂ ಹಿಂದಿನ ದಿನ ಕಲಿತು ಮರುದಿನ ಹೇಳುತ್ತಿದ್ದರೇನೋ, ಅಷ್ಟು ನಿಧಾನ. ಆ ನಿಧಾನ ನನಗೆ ಅನುಕೂಲವಾಯಿತು. ಕಾಲು ಚಾಚಿ ಕೂತಲ್ಲೇ ಇದ್ದಿಲಿನಿಂದ ನೆಲದ ಮೇಲೆ ಬರೆದು ಕಲಿತೆ. "ಮೀನವ್ವ ಮಾಸ್ತರ್ತಿ ಆಗ್ಯಾಳ" ಎಂದು ದೇವಕೆಮ್ಮ ಊರೆಲ್ಲ ಹೇಳಿಕೊಂಡು ಬಂದಳು. ಮುಂದೆ ಬಾಲವಾಡಿಯಲ್ಲಿ ಕೂತು ಹೊಟ್ಟೆ ಹೊರೆದದ್ದು ಆ ಅಕ್ಷರಗಳಿಂದಲೇ. ಅವಳು ಹೊತ್ತ ನೀರು ಕುಡಿದು ನಾನು ಕಲಿತೆ.

ಮುಂದಿನ ಬೇಸಿಗೆಯಲ್ಲಿ ದೇವಕೆಮ್ಮ ರೊಟ್ಟಿ ಬಡಿಯುತ್ತ ಮೊಣಕಾಲು ಕೆರೆದುಕೊಂಡಳು. ಯಾರೂ ಗಮನಿಸಲಿಲ್ಲ. ನಾನು ಮಾತ್ರ ಅಂದಿನಿಂದ ಆ ಮೊಣಕಾಲನ್ನೇ ನೋಡುತ್ತಿದ್ದೆ. ನಾಲ್ಕನೆಯ ದಿನಕ್ಕೆ ಅವಳ ಮೊಣಕಾಲ ಚಿಪ್ಪಿನ ಪಕ್ಕದಲ್ಲಿ ಬಿಳಿ ತುದಿ ಕಂಡಿತು. ಅಂಥ ಗಟ್ಟಿ ಹೆಂಗಸು ನೆಲದ ಮೇಲೆ ಹೊರಳಾಡಿದಳು. ಬೆಳಗಿನ ಹೊತ್ತು, ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಅವಳು ನನ್ನ ಹೆಗಲು ಹಿಡಿದು ಎದ್ದಳು.

"ನಡಿ, ನನಗ ಬಾವಿಗಿ ಕರಕೊಂಡು ನಡಿ."

"ಯಕ್ಕಾ, ಕೂಡು."

"ಕೂಡಲಾಕ ಆಗವಲ್ದು. ನೀರಾಗ ಇಟ್ರ ಉರಿ ನಿಂದರತದಂತ ನೀನ ಹೇಳಿದ್ದಿಲ್ಲೇನು? ನಡಿ."

ಅವಳ ಭಾರವೆಲ್ಲ ನನ್ನ ಮೇಲಿತ್ತು. ಅಂಗಳ ದಾಟಿದರೆ ಬಾವಿಯ ದಾರಿ. ಬೇಡವೆಂದರೆ ಯಾಕೆ ಎಂದು ಹೇಳಬೇಕು. ಕರೆದೊಯ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ, ಮುಂದಿನ ಬೇಸಿಗೆಗೆ ಇನ್ಯಾರದೋ ಕಾಲು. ಮೂಲೆಯಲ್ಲಿ ಅವಳ ಮಗಳು ಮಣ್ಣಿನಲ್ಲಿ ಆಡುತ್ತಿತ್ತು. ಸುಳ್ಳು ಹೇಳಲಾರೆ, ಎರಡು ಹೆಜ್ಜೆ ಇಟ್ಟೆ ಕೂಡ. ಆಮೇಲೆ ನನ್ನ ಕಾಲು ಮುಂದೆ ಬರಲಿಲ್ಲ.

"ಬ್ಯಾಡ ಯಕ್ಕಾ. ನೀರಾಗ ಇಟ್ರ ಅದು ಮರಿ ಹಾಕತದ. ಆ ನೀರು ಕುಡದವರಿಗಿ ಬರತದ. ನಾ ಇಟ್ಟಿದ್ನಲ್ಲ, ಅದಕ್ಕ ನಿನಗ ಬಂದದ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಬೆವರಿನ ಮುಖದಲ್ಲಿ ನನ್ನನ್ನೇ ನೋಡಿದಳು.

"ಯಾರ್ ಹೇಳಿದ್ರು?"

"ದವಾಖಾನಿ ಸಾಹೇಬ್ರು."

"ಹ್ವಾದ ವರ್ಷ?"

"ಹೂಂ."

ಅವಳು ನನ್ನ ಹೆಗಲ ಮೇಲಿನ ಕೈ ತೆಗೆದಳು. ಗೋಡೆ ಹಿಡಿದು, ಒಂಟಿಗಾಲಲ್ಲಿ ಕುಂಟುತ್ತ ಹೋಗಿ ಕಂಬಕ್ಕೆ ಒರಗಿ ಕೂತಳು. ಕೇಳಿದ್ದು ಒಂದೇ ಮಾತು. "ನನ್ನ ಮಗಳು ಕುಡದಾಳೇನು?"

"ಮನ್ಯಾಗಿಂದು ಸೋಸಿದ್ದು ಯಕ್ಕಾ. ಬಾವ್ಯಾಗ ನಿನ್ನ ಜೋಡಿ ಬಂದಾಗ ಕುಡದಿದ್ರ, ನನಗ ಗೊತ್ತಿಲ್ಲ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡು ಉರಿಯನ್ನು ಅಲ್ಲೇ ತಿಂದಳು.

ಮಧ್ಯಾಹ್ನಕ್ಕೆ ಮನೆಗೆಲ್ಲ ಗೊತ್ತಾಯಿತು, ನಾನೇ ಹೇಳಿದೆ. ಅತ್ತೆ ಎದೆ ಬಡಿದುಕೊಂಡಳು. ಭಾವ ಕೈ ಎತ್ತಿಕೊಂಡು ಬಂದ, ಮಾನಪ್ಪ ನಡುವೆ ನಿಂತ. ನನ್ನ ಪರವಾಗಿ ಅವನು ನಿಂತದ್ದು ಅದೇ ಮೊದಲು, ಆದರೆ ಅವನೂ ನನ್ನ ಮುಖ ನೋಡಲಿಲ್ಲ. ಹೊಳೆಯ ಊರಿಗೆ ಆಳು ಹೋಗಿ ನಾಲ್ಕನೆಯ ದಿನ ಅಪ್ಪ ಬಂದ. ಅಂಗಳದಲ್ಲಿ ತಲೆ ತಗ್ಗಿಸಿ ನಿಂತು ಎಲ್ಲ ಕೇಳಿದ.

"ಕರಕೊಂಡು ಹೋಗು ನಿನ್ನ ಮಗಳಿಗಿ" ಎಂದಳು ಅತ್ತೆ. "ಬಾವಿ ಕೆಡಿಸಿದ್ಲು, ಮನಿ ಕೆಡಿಸಿದ್ಲು. ಒಂದ್ ಮಾತು ಬಾಯಿ ಬಿಡಲಿಲ್ಲ."

ಅಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದ. "ನೀರಾಗ ಇಳೀಲಿಕ್ಕ ನಾನ ಕಲಿಸೀನ್ರಿ ಯವ್ವಾ. ಗಾಯ ಆದ್ರ ನೀರಾಗ ಇಡು ಅಂತ ನಾನ ಹೇಳೀನಿ. ಸುಮ್ಮಕ ಇರಂತ ಮಾತ್ರ ಕಲಿಸಿದ್ದಿಲ್ರಿ." ನನ್ನ ಕಡೆ ತಿರುಗಿ, "ನಡಿ ಯವ್ವಾ" ಎಂದ.

ನಾನು ಗಂಟು ಕಟ್ಟಲು ಎದ್ದೆ. ಆಗ ಒಳಗಿನಿಂದ ದೇವಕೆಮ್ಮನ ದನಿ ಬಂತು. ನಾಲ್ಕು ದಿನದಲ್ಲಿ ಅವಳು ಆಡಿದ ಮೊದಲ ಮಾತು.

"ಆಕಿ ಎಲ್ಲಿಗಿ ಹೋಗ್ತಾಳ? ನನ್ನ ಕಾಲಿಗಿ ನೀರು ಯಾರು ಹಾಕಬೇಕು? ಬಾವಿಗಿ ನಾ ಹೋಗಾಂಗಿಲ್ಲ. ನೀರು ಇಲ್ಲಿಗಿ ಬರಬೇಕು. ಆಕೀನ ತರಬೇಕು, ಆಕೀನ ಹಾಕಬೇಕು. ನಾ ಏಳೂತನಕ ಆಕಿ ಈ ಮನಿ ಬಿಡಬಾರದು."

ಕರುಣೆಯಿಂದ ಆಡಿದ ಮಾತಲ್ಲ. ಅವಳು ಕೊಟ್ಟದ್ದು ಶಿಕ್ಷೆ. ಆದರೆ ಆ ಮನೆಯಲ್ಲಿ ನಾನು ಉಳಿದದ್ದು ಅದರಿಂದಲೇ. ಅಪ್ಪ ರುಮಾಲು ಸುತ್ತಿಕೊಂಡು ಒಬ್ಬನೇ ಹೋದ.

ಅಂದಿನಿಂದ ನಾನು ನೀರು ಹೊತ್ತೆ. ನನ್ನ ಎಡಗಾಲು ಆಗಲೇ ಸೊಟ್ಟಗಿತ್ತು, ಮೆಟ್ಟಿಲು ಇಳಿಯುವಾಗ ಒಂದು ಕೈ ಗೋಡೆಗೆ ಬೇಕು. ತಿಪ್ಪೆಯ ಪಕ್ಕದ ಕಲ್ಲಿನ ಮೇಲೆ ದೇವಕೆಮ್ಮನನ್ನು ಕೂರಿಸಿ, ಚರಿಗೆಯಿಂದ ಮೊಣಕಾಲಿಗೆ ಸಣ್ಣ ಧಾರೆ ಬಿಡುವುದು. ಆ ನೀರು ತಿಪ್ಪೆಗೆ ಇಂಗುತ್ತಿತ್ತು, ಬಾವಿಗೆ ಹೋಗುತ್ತಿರಲಿಲ್ಲ. ಧಾರೆ ನಿಂತರೆ ಉರಿ, ಅದಕ್ಕೆ ನಿಲ್ಲಿಸುವ ಹಾಗಿಲ್ಲ. ಅವಳು ಮಾತಾಡುತ್ತಿರಲಿಲ್ಲ. ಕುಡಿಯುವ ನೀರನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ, ಅತ್ತೆ ಕೊಡಬೇಕಿತ್ತು. ಬಾವಿಯಲ್ಲಿ ನಾನು ಮೆಟ್ಟಿಲಿಳಿದರೆ ಹೆಂಗಸರು ಮೇಲಕ್ಕೆ ಹತ್ತಿಬಿಡುತ್ತಿದ್ದರು. ಹತ್ತುವ ಮೊದಲು ಅವರಿಗೂ ಹೇಳಿದೆ, ಸೋಸಿ ಕುಡೀರಿ, ನಾರು ಇದ್ದವರು ಕಾಲಿಡಬೇಡಿ ಎಂದು. "ನೀ ಹೇಳ್ತಿಯೇನ ನಮಗ?" ಎಂದು ಉಗುಳಿದವರಿದ್ದಾರೆ. ಬಟ್ಟೆ ಕಟ್ಟಿದವರೂ ಇದ್ದಾರೆ.

ಅವಳ ನಾರು ಹರಿಯಲಿಲ್ಲ, ಆದರೆ ಅರ್ಧ ಬಂದು ಕೀಲಿನೊಳಗೇ ಸತ್ತಿತು. ಮೊಣಕಾಲು ಮಡಚಿದ್ದು ಬಿಚ್ಚಲಿಲ್ಲ. ಯಾದಗಿರಿಗೆ ಹೊಸ ಡಾಕ್ಟರು ಬಂದಿದ್ದಾರೆಂದು ಕೇಳಿ ಕರೆದೊಯ್ದೆವು. ಅಲ್ಲಿಗೆ ಹತ್ತಿರದ ಮುದನಾಳದಲ್ಲಿ ಅತ್ತೆಯ ತಂಗಿಯ ಮನೆಯಿತ್ತು, ಅಲ್ಲಿ ಉಳಿದುಕೊಂಡು ಒಂಬತ್ತು ದಿನ ಗಾಡಿಯಲ್ಲಿ ಹೋಗಿ ಬಂದೆವು. ಹೋಗುವಾಗ ಅವಳ ಕಾಲನ್ನು ನಾನು ಎತ್ತಿ ಹಿಡಿದಿದ್ದೆ, ಎರಡೂ ಕೈಯಲ್ಲಿ. ಡಾಕ್ಟರು ದಕ್ಷಿಣದ ಕಡೆಯವರು. ಕೊನೆಯ ದಿನ ಬಹಳ ಮೆತ್ತಗೆ, "ಇನ್ನು ಇದು ಹೀಗೇ ಇರುತ್ತೆ ಅಮ್ಮಾ, ಬೇಜಾರು ಮಾಡ್ಕೋಬೇಡಿ" ಎಂದರು. ದೇವಕೆಮ್ಮ, "ಬ್ಯಾಸರಾ ಮಾಡ್ಕೊಂಡ್ರ ನೆಟ್ಟಗ ಆಗತದೇನ್ರಿ?" ಎಂದು ಕೇಳಿ ಕೋಲು ತೆಗೆದುಕೊಂಡಳು. ಅವಳಿಗೆ ಆಗ ಇಪ್ಪತ್ತೈದೂ ತುಂಬಿರಲಿಲ್ಲ. ಆ ಕೋಲನ್ನು ಅವಳು ಸಾಯುವ ತನಕ ಬಿಡಲಿಲ್ಲ.

ಪಕ್ಕದ ಮನೆಯ ಸೊಸೆಯೇ, ನಿನ್ನಿಂದ ಬಂದಿಲ್ಲ ಎಂದು ನಾನು ಹೇಳಲಾರೆ, ನನಗೆ ಗೊತ್ತಿಲ್ಲ. ನನ್ನಿಂದ ಬಂದದ್ದು ನನಗೆ ಗೊತ್ತು. ಕಾಲಿಟ್ಟ ಐದು ದಿನಗಳಿಗೆ ನನ್ನನ್ನು ನಾನು ಎಂದೋ ಕ್ಷಮಿಸಿದ್ದೇನೆ, ಗೊತ್ತಿಲ್ಲದೆ ಮಾಡಿದ್ದು. ಹೇಳದೆ ಕಳೆದ ದಿನಗಳನ್ನು ಇನ್ನೂ ಕ್ಷಮಿಸಿಲ್ಲ. ಅವಳು ಆ ನೀರು ಕುಡಿದದ್ದು ನನಗೆ ತಿಳಿಯುವ ಮೊದಲೋ ಆಮೇಲೋ, ಯಾವ ಡಾಕ್ಟರೂ ಹೇಳಲಾರರು. ನಿನಗೆ ಆ ಜ್ವರ ಅಂಟಿಕೊಂಡಾಗ ಅದು ನಿನಗೇ ಗೊತ್ತಿರಲಿಲ್ಲ. ಗೊತ್ತಾದ ಗಳಿಗೆಯಲ್ಲಿ ನೀನು ಬೇರೆ ಕೋಣೆ ಸೇರಿ ಕದ ಹಾಕಿಕೊಂಡೆ. ನಾನು ಮಾಡದ್ದನ್ನು ನೀನು ಮಾಡಿದೆ.

ದೇವಕೆಮ್ಮ ಕೋಲು ಹಿಡಿದ ಮುಂದಿನ ಬೇಸಿಗೆ ನಮ್ಮ ಮನೆಯಲ್ಲಿ ಯಾರೂ ಸಮಾಧಾನವಾಗಿ ಉಣ್ಣಲಿಲ್ಲ. ದೇವಕೆಮ್ಮ ದಿನವೂ ಮಗಳನ್ನು ಬಿಸಿಲಿಗೆ ನಿಲ್ಲಿಸಿ ಕಾಲು, ಬೆನ್ನು, ಕೈ ತಡವಿ ನೋಡುತ್ತಿದ್ದಳು. ಮಗು ಎಲ್ಲಾದರೂ ಕೆರೆದುಕೊಂಡರೆ ನಾನು ಕೈಯ ಕೆಲಸ ಬಿಟ್ಟು ಎದ್ದು ಬರುತ್ತಿದ್ದೆ. ಊರಿನಲ್ಲಿ ಆ ವರ್ಷವೂ ಕೆಲವರು ಮಲಗಿದರು. ನಮ್ಮ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಮೊದಲ ಮಳೆ ಬಿದ್ದ ಮರುದಿನ ನಾನು ಕೊಡ ಹೊತ್ತು ಅಂಗಳಕ್ಕೆ ಬಂದೆ. ದೇವಕೆಮ್ಮ ಕಟ್ಟೆಯ ಮೇಲೆ ಕೋಲು ಪಕ್ಕಕ್ಕಿಟ್ಟು ಕೂತಿದ್ದಳು. ಮಗಳು ಕೆಸರಲ್ಲಿ ಓಡಾಡುತ್ತಿತ್ತು. ಅದರ ಕಾಲುಗಳನ್ನು ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗದೆಯೇ ಹೇಳಿದಳು.

"ಹೇಳಿದ್ದು ಛಲೋ ಮಾಡಿದಿ."

ಕೊಡ ಇಳಿಸುವುದು ಮರೆತು ನಿಂತೆ.

"ಒಂದ್ ವರ್ಷ ತಡ ಮಾಡಿದಿ."

ಎರಡನ್ನೂ ಒಂದೇ ದನಿಯಲ್ಲಿ ಹೇಳಿದಳು. ಅದಾದ ಮೇಲೆ, ಅವಳು ಸಾಯುವ ತನಕ, ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪಕ್ಕದಲ್ಲಿದ್ದ ಚರಿಗೆ ತೆಗೆದು ನನ್ನ ಮುಂದೆ ಚಾಚಿದಳು.

"ನೀರು ಹಾಕು, ಮೀನವ್ವಾ. ಕುಡೀಲಿಕ್ಕ."

ನಾನು ಚರಿಗೆಯ ಬಾಯಿಗೆ ಬಟ್ಟೆ ಹಿಡಿದು ನೀರು ಹಾಕಿದೆ. ಅವಳು ಕುಡಿದು ಗದ್ದ ಒರೆಸಿಕೊಂಡಳು.